ಲೇಖನ ಬಿಟ್ಟು ನಡಾವಳಿ ಓದಿದೆ

ಕಂದಾಯ ಇಲಾಖೆಯ ರೆಕಾರ್ಡ್ ರೂಮಿನಲ್ಲಿ ಬಹಳ ವರ್ಷ ಕೂತವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವ ಕಾಗದ ಕೈಗೆ ಬಂದರೂ ಮೊದಲು ವಿಷಯ ಓದುವುದಿಲ್ಲ. ಯಾರು ಯಾರಿಗೆ ಬರೆದದ್ದು, ಯಾವ ಪತ್ರದ ಮೇಲೆ ಇದು ಹುಟ್ಟಿತು, ಕೆಳಗೆ ಸಹಿ ಯಾರದ್ದು ಎಂದು ನೋಡುತ್ತೇವೆ. ವಿಷಯ ಆಮೇಲೆ. ನಿವೃತ್ತಿ ಆದ ಮೇಲೆ ಈ ಚಟ ಯಾವುದಕ್ಕೂ ಬರುವುದಿಲ್ಲ ಅಂದುಕೊಂಡಿದ್ದೆ. ಕಲ್ಕತ್ತದಲ್ಲಿ ಇಂಗ್ಲಿಷರು ಕಟ್ಟಿದ ಪಂಡಿತರ ಸಂಸ್ಥೆ ಏಷ್ಯಾಟಿಕ್ ಸೊಸೈಟಿಯ ಹಳೆಯ ದಾಖಲೆಗಳಿಗೆ ಕೈ ಹಾಕಿದಾಗ ಅದೇ ಜಾಸ್ತಿ ಕೆಲಸಕ್ಕೆ ಬಂತು.

ಶುರುವಾದದ್ದು ಕೈಫಿಯತ್ತಿನಿಂದ, ಅಂದರೆ ಊರಿನವರು ಹೇಳಿ ಬರೆಸಿದ ಊರಿನ ಚರಿತ್ರೆಯಿಂದ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ, ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳ ದಪ್ಪ ಸಂಪುಟ ಓದುತ್ತಿದ್ದೆ. ಇನ್ನೂರು ವರ್ಷದ ಹಿಂದಿನ ಶಾನುಭೋಗರು, ಗೌಡರು, ಊರ ಹಿರಿಯರು ತಮ್ಮ ಸೀಮೆಯ ಸಂಗತಿ ಹೇಳುತ್ತಾ ಹೋಗುತ್ತಾರೆ. ಪಾಳೆಯಗಾರರ ವಂಶ, ದೇವಸ್ಥಾನದ ಇನಾಮು, ಕೆರೆ ಒಡೆದದ್ದು. ಇದನ್ನೆಲ್ಲ ಬರೆಸಿದವರು ಯಾರು ಅಂದರೆ ಎಲ್ಲರೂ ಒಂದೇ ಹೆಸರು ಹೇಳುತ್ತಾರೆ: ಕರ್ನಲ್ ಕಾಲಿನ್ ಮೆಕೆಂಜಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಹೊತ್ತವರು. ಆದರೆ ಅವರು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವರು. ನಮ್ಮ ಭಾಷೆಗಳು ತಮಗೆ ಬಾರವು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಹಾಗಾದರೆ ಶಾನುಭೋಗನ ಎದುರು ಕೂತು, "ಆಮೇಲೇನಾಯ್ತು ಹೇಳಿ" ಅಂದವರು ಯಾರು? ಚಿತ್ರದುರ್ಗದಲ್ಲಿ ಬೆಳೆದವನಿಗೆ ಈ ಪ್ರಶ್ನೆ ಸುಮ್ನೆ ಬಿಡಲಿಲ್ಲ.

ಏಷ್ಯಾಟಿಕ್ ಸೊಸೈಟಿಯಂಥ ಸಂಸ್ಥೆಗಳ ಹಳೆಯ ಸಂಪುಟ ನೋಡಲು ಮೊದಲು ಹೋಗಿದ್ದು ಒಂದು ಗ್ರಂಥಾಲಯಕ್ಕೆ. ಹೆಸರು ಬೇಡ. ಕೌಂಟರಿನಲ್ಲಿದ್ದವರು ಕೇಳಿದ್ದು ಎರಡೇ ಪ್ರಶ್ನೆ. "ಗೈಡ್ ಯಾರು ಸಾರ್? ಯೂನಿವರ್ಸಿಟಿ ಯಾವುದು?" ಪಿಂಚಣಿದಾರನಿಗೆ ಗೈಡ್ ಎಲ್ಲಿಂದ ತರುವುದು? ಪರಿಚಯ ಪತ್ರ ಇಲ್ಲದೆ ಹಳೆಯ ಸಂಪುಟ ಕೊಡುವುದಿಲ್ಲ, ಅದು ನಿಯಮ ಅಂದರು. ನಾನೂ ಅಂಥ ನಿಯಮಗಳನ್ನೇ ಹೇಳಿ ಸಂಬಳ ತಗೊಂಡವನು. ಜಗಳ ಆಡಲಿಲ್ಲ.

ದಾವಣಗೆರೆಯಲ್ಲಿ ತಂಗಿಯ ಮಗ ಇದ್ದಾನೆ, ಡಿಟಿಪಿ ಮತ್ತು ಸ್ಕ್ಯಾನಿಂಗ್ ಅಂಗಡಿ. ವಿಷಯ ಹೇಳಿದೆ. "ಮಾವ, ಅವೆಲ್ಲ ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಸಿಗ್ತವೆ. ನೀವು ಯಾಕೆ ಕೈ ಮುಗೀತೀರಿ?" ಅಂದ. ನಿಜವೇ. ಹಕ್ಕುಸ್ವಾಮ್ಯದ ಅವಧಿ ಮುಗಿದ ಈ ಸಂಸ್ಥೆಗಳ ಹಳೆಯ ಪತ್ರಿಕೆಗಳು ಸ್ಕ್ಯಾನ್ ಆಗಿ ಅಲ್ಲಿವೆ. ಆದರೆ ಇರುವುದು ಬೇರೆ, ಸಿಗುವುದು ಬೇರೆ. ಇಂಗ್ಲಿಷಿನಲ್ಲಿ ನಾವು ಈಗ ಬರೆಯುವ ಹಾಗೆ ಚಿತ್ರದುರ್ಗ ಅಂತ ಹೊಡೆದರೆ ಏನೂ ಬರಲಿಲ್ಲ. ಆಗಿನವರು ನಮ್ಮ ಊರನ್ನು ಚಿಟಲ್‌ಡ್ರೂಗ್ ಎಂದು ಹತ್ತು ಥರ ಬರೆದಿದ್ದಾರೆ. 1801ರಲ್ಲಿ ಈ ಕಡೆ ಬಂದುಹೋದ ಫ್ರಾನ್ಸಿಸ್ ಬುಕನನ್ ಚತ್ರಕಲ್ ಅಂದಿದ್ದಾರೆ. ಒಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಸಿಕ್ಕಿದ ರೂಪವನ್ನೆಲ್ಲ ಬರೆದಿಟ್ಟುಕೊಂಡು, ಒಂದೊಂದಾಗಿ ಹುಡುಕಬೇಕು. ಇನ್ನೂ ಹಿಂದಿನ, 1790ರ ದಶಕದ ಸಂಪುಟಗಳಾದರೆ ಕಂಪ್ಯೂಟರ್ ಅಕ್ಷರವನ್ನೇ ತಪ್ಪು ಓದುತ್ತದೆ. ಆಗಿನ ಅಚ್ಚಿನಲ್ಲಿ ಎಸ್ ಅಕ್ಷರ ಎಫ್ ಥರ ಕಾಣುತ್ತಿತ್ತು. ಅಲ್ಲಿ ಹುಡುಕು ಗುಂಡಿ ನಂಬದೆ ಪುಟ ತಿರುಗಿಸುವುದೇ ವಾಸಿ.

ಇಷ್ಟಾದರೂ ನನ್ನ ಪ್ರಶ್ನೆಗೆ ಉತ್ತರ ಇರಲಿಲ್ಲ. ಊರಿನ ಹೆಸರಲ್ಲಿ ಹುಡುಕಿದರೆ ಊರಿನ ಬಗ್ಗೆ ಬರೆದದ್ದು ಸಿಗುತ್ತದೆ. ಬರೆಸಿದವರು ಸಿಗುವುದಿಲ್ಲ.

ಇಲ್ಲಿ ನನ್ನ ಹಳೆಯ ಕೆಲಸ ನೆನಪಾಯಿತು. ತಾಲ್ಲೂಕು ಕಚೇರಿಗೆ ರೈತರು ಬಂದು, "ನಮ್ಮ ಅಜ್ಜನ ಕಾಗದ ಕೊಡಿ" ಅನ್ನುತ್ತಿದ್ದರು. ಅಜ್ಜನ ಹೆಸರಲ್ಲಿ ಕಟ್ಟು ಇರುವುದಿಲ್ಲ. ಕಚೇರಿ ತನ್ನ ಕೆಲಸ ನಡೆದ ಹಾಗೆ ಕಾಗದ ಇಡುತ್ತದೆ: ಯಾವ ಶಾಖೆ, ಯಾವ ವರ್ಷ, ಯಾವ ಕೇಸ್ ನಂಬರ್. ಅಜ್ಜ ಯಾವ ವರ್ಷ ಯಾವ ಅರ್ಜಿ ಕೊಟ್ಟ ಎಂದು ಗೊತ್ತಾದರೆ ಅಜ್ಜ ಸಿಕ್ಕ ಹಾಗೆ. ಪಂಡಿತರ ಸಂಸ್ಥೆಗಳ ದಾಖಲೆಯೂ ಇದೇ. ಅವರ ಕ್ಯಾಟಲಾಗಿನಲ್ಲಿ ಮೇಲೆ ಇರುವುದು ಕಾಗದ ಯಾರಿಂದ ಹುಟ್ಟಿತು ಅನ್ನುವುದು. ಅದರ ಕೆಳಗೆ ಸಾಲು, ಅಂದರೆ ಒಂದೇ ಬಗೆಯ ಕಾಗದಗಳ ಗುಂಪು; ಸಾಲಿನ ಕೆಳಗೆ ಕಡತ, ಕಡತದೊಳಗೆ ಬಿಡಿ ಪತ್ರ. ಕೌನ್ಸಿಲ್ ಸಭೆಯ ನಡಾವಳಿ ಒಂದು ಸಾಲು. ಕಾರ್ಯದರ್ಶಿಯ ಪತ್ರವ್ಯವಹಾರ ಇನ್ನೊಂದು. ಲೆಕ್ಕಪತ್ರ, ಸದಸ್ಯರ ಪಟ್ಟಿ, ದಾನ ಬಂದ ಪುಸ್ತಕಗಳ ರಿಜಿಸ್ಟರ್ ಬೇರೆ ಬೇರೆ. ನಮ್ಮ ಊರು ಇವುಗಳಲ್ಲಿ ಯಾವುದರಲ್ಲೂ ಶೀರ್ಷಿಕೆಯಾಗಿ ಬರುವುದಿಲ್ಲ.

ಆದ್ದರಿಂದ ಮೊದಲು ಸಂಸ್ಥೆಗಳ ಜಾತಕ ಬರೆದುಕೊಂಡೆ. ಕಲ್ಕತ್ತದ ಏಷ್ಯಾಟಿಕ್ ಸೊಸೈಟಿ ಹುಟ್ಟಿದ್ದು 1784ರಲ್ಲಿ, ಸುಪ್ರೀಂ ಕೋರ್ಟ್ ನ್ಯಾಯಾಧೀಶ ವಿಲಿಯಂ ಜೋನ್ಸ್ ಮುಂದಾಳತ್ವದಲ್ಲಿ. ಬಾಂಬೆಯ ಲಿಟರರಿ ಸೊಸೈಟಿ 1804. ಮದ್ರಾಸಿನದು 1812. ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ 1823ರಲ್ಲಿ ಶುರುವಾಗಿ, 1824ರಲ್ಲಿ ರಾಜನ ಸನ್ನದು ಪಡೆಯಿತು. ಅದನ್ನು ಕಟ್ಟಿದ ಹೆನ್ರಿ ಥಾಮಸ್ ಕೋಲ್‌ಬ್ರೂಕ್ ಮೊದಲು ಕಲ್ಕತ್ತದ ಸಂಸ್ಥೆಯ ಅಧ್ಯಕ್ಷರಾಗಿದ್ದವರೇ. ನಮ್ಮ ಬೆಂಗಳೂರಿನ ಮಿಥಿಕ್ ಸೊಸೈಟಿ ಬಂದಿದ್ದು ಬಹಳ ತಡವಾಗಿ, 1909ರಲ್ಲಿ. ಈ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಬಿದ್ದ ಒಂದು ಇಸವಿ ಬೇರೆ. ಕಲ್ಕತ್ತದ ಸಂಸ್ಥೆ ಭಾರತೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿದ್ದು 1829ರಲ್ಲಿ. ನಲವತ್ತೈದು ವರ್ಷ ಭಾರತದ ಬಗ್ಗೆ ಚರ್ಚೆ ಮಾಡಿ, ಆಮೇಲೆ ಭಾರತೀಯರಿಗೆ ಕುರ್ಚಿ ಹಾಕಿದ್ದಾರೆ.

ಈಗ ಹುಡುಕುವ ದಾರಿ ಬದಲಾಯಿತು. ಮೆಕೆಂಜಿ ತೀರಿಕೊಂಡಿದ್ದು 1821ರಲ್ಲಿ. ಅವರ ಸಂಗ್ರಹವನ್ನು ಕಂಪನಿ ಸರ್ಕಾರ ಹತ್ತು ಸಾವಿರ ಪೌಂಡಿಗೆ, ಅಂದರೆ ಆಗಿನ ಒಂದು ಲಕ್ಷ ರೂಪಾಯಿಗೆ, ಹೆಂಡತಿಯಿಂದ ಕೊಂಡಿತು. ಪಟ್ಟಿ ಮಾಡಲು ಕೂತವರು ಹೊರೇಸ್ ಹೇಮನ್ ವಿಲ್ಸನ್. ಅವರು ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿ. ಅವರ ಪಟ್ಟಿ 1828ರಲ್ಲಿ ಅಚ್ಚಾಯಿತು. ಅದರ ಲೆಕ್ಕ ನೋಡಿದರೆ ತಲೆ ತಿರುಗುತ್ತದೆ: ಸಾಹಿತ್ಯದ ಹಸ್ತಪ್ರತಿ 1,568, ಊರೂರಿನ ಕೈಫಿಯತ್ತಿನಂಥ ಸ್ಥಳೀಯ ಬರಹ 2,070, ಶಾಸನದ ಪ್ರತಿ 8,076, ಚಿತ್ರ 2,630, ನಾಣ್ಯ 6,218. ಒಬ್ಬ ಸರ್ವೆ ಅಧಿಕಾರಿ, ಅದೂ ಸರ್ವೆ ಕೆಲಸದ ಮಧ್ಯೆ, ಇಷ್ಟನ್ನು ಒಬ್ಬರೇ ಮಾಡಿದ್ದಾರೆ ಎಂದು ನಂಬಲು ರೆಕಾರ್ಡ್ ರೂಮಿನವನಿಗೆ ಆಗುವುದಿಲ್ಲ. ಎಂಟು ಸಾವಿರ ಪ್ರತಿಗೆ ಎಷ್ಟು ಗುಮಾಸ್ತರ ಬೆನ್ನು ಬಾಗಬೇಕು ಎಂದು ನಮಗೆ ಗೊತ್ತು.

ಗುಮಾಸ್ತರ ಹೆಸರೂ ಇವೆ. ಏಲೂರಿನ ಕಾವಲಿ ಮನೆತನದ ಅಣ್ಣತಮ್ಮಂದಿರು. ವೆಂಕಟ ಬೊರ್ರಯ್ಯ ಮೊದಲು ಸೇರಿದವರು, 1803ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ತಮ್ಮ ವೆಂಕಟ ಲಕ್ಷ್ಮಯ್ಯ. ಜೈನ ವಿಷಯಕ್ಕೆ ಮಲೆಯೂರಿನ ಧರ್ಮಯ್ಯ. ಊರೂರಿಗೆ ಆಳು ಕಳಿಸಿ, ಕಾಗದ ತರಿಸಿ, ಅನುವಾದ ಮಾಡಿಸಿ, ತಿಂಗಳ ವರದಿ ಬರೆಸುತ್ತಿದ್ದವರು ಇವರು. ಏಷ್ಯಾಟಿಕ್ ಸೊಸೈಟಿಯ 1807ರ ಸಂಪುಟದಲ್ಲಿ ಜೈನರ ಬಗ್ಗೆ ಒಂದು ಬರಹ ಇದೆ. ಶೀರ್ಷಿಕೆಯ ಕೆಳಗೆ ಮೇಜರ್ ಮೆಕೆಂಜಿಗಾಗಿ ಅನುವಾದಿಸಿದವನು ಕ್ಯಾವೆಲ್ಲಿ ಬೋರಿಯಾ, ಬ್ರಾಹ್ಮಣ, ಎಂದು ಅಚ್ಚಾಗಿದೆ. ಅದು ಅಚ್ಚಾಗುವ ಹೊತ್ತಿಗೆ ಬೊರ್ರಯ್ಯ ಹೋಗಿ ನಾಲ್ಕು ವರ್ಷ.

ಇಲ್ಲಿಯವರೆಗಿನದು ಅಷ್ಟಿಷ್ಟು ಪುಸ್ತಕಗಳಲ್ಲೂ ಸಿಗುತ್ತದೆ. ನನಗೆ ನಿಜವಾಗಿ ರುಚಿ ಹತ್ತಿದ್ದು ಸಂಪುಟಗಳ ಬಾಲ ಓದಲು ಶುರು ಮಾಡಿದ ಮೇಲೆ. 1832ರಿಂದ ಕಲ್ಕತ್ತದ ಜರ್ನಲ್ ತಿಂಗಳು ತಿಂಗಳು ಬರಲು ಶುರುವಾಯಿತು. ಪ್ರತಿ ಸಂಚಿಕೆಯ ಮುಂದೆ ಪಂಡಿತರ ಲೇಖನ. ಕೊನೆಗೆ ಸಣ್ಣ ಅಕ್ಷರದಲ್ಲಿ ಸಭೆಯ ನಡಾವಳಿ. ಯಾರು ಅಧ್ಯಕ್ಷತೆ ವಹಿಸಿದ್ದರು, ಯಾರನ್ನು ಸದಸ್ಯರಾಗಿ ಆರಿಸಿದರು, ಯಾವ ಪತ್ರ ಓದಲಾಯಿತು, ಗ್ರಂಥಾಲಯಕ್ಕೆ ಏನು ಬಂತು, ಮ್ಯೂಸಿಯಂಗೆ ಯಾವ ಹಕ್ಕಿ, ಯಾವ ಮೂಳೆ ಬಂತು. ಲೇಖನ ಓದುವವರು ಇದನ್ನು ಹಾರಿಸುತ್ತಾರೆ. ನಾನು ಲೇಖನ ಹಾರಿಸಿದೆ. ಇದು ಇನ್‌ವರ್ಡ್ ರಿಜಿಸ್ಟರ್. ಇದನ್ನು ಓದಲು ನನಗೆ ಯಾರ ಪರಿಚಯ ಪತ್ರವೂ ಬೇಡ.

1836ರ ಸಂಪುಟದಲ್ಲಿ ಲಕ್ಷ್ಮಯ್ಯ ಸಿಕ್ಕರು.

ಹಿನ್ನೆಲೆ ಹೇಳಬೇಕು. ಮೆಕೆಂಜಿ ಸತ್ತ ಮೇಲೆ ಲಕ್ಷ್ಮಯ್ಯ ಮದ್ರಾಸಿಗೆ ಮರಳಿದ್ದರು. ಸಂಗ್ರಹದ ಒಂದು ಭಾಗ ಲಂಡನ್ನಿಗೆ ಹೋಗಿತ್ತು, ಉಳಿದದ್ದು ಮದ್ರಾಸಿಗೆ ಬಂದಿತ್ತು. ಲಕ್ಷ್ಮಯ್ಯ ಅಲ್ಲಿ ಹಿಂದೂ ಲಿಟರರಿ ಸೊಸೈಟಿ ಎಂಬ ಒಂದು ಸಂಸ್ಥೆ ಕಟ್ಟಿ, ನಿಂತುಹೋದ ಕೆಲಸವನ್ನು ಮುಂದುವರಿಸುತ್ತೇನೆ, ಸರ್ಕಾರ ಸಹಾಯ ಮಾಡಬೇಕು ಎಂದು ಕೇಳಿದರು. ಸರ್ಕಾರ ಎಲ್ಲ ಸರ್ಕಾರಗಳೂ ಮಾಡುವುದನ್ನೇ ಮಾಡಿತು. ಅಭಿಪ್ರಾಯಕ್ಕೆ ಎಂದು ಕಡತವನ್ನು ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಗೆ ಕಳಿಸಿತು. ಅಲ್ಲಿ ಕಾರ್ಯದರ್ಶಿ ಜೇಮ್ಸ್ ಪ್ರಿನ್ಸೆಪ್. ಸಮಿತಿ ಕೊಟ್ಟ ಅಭಿಪ್ರಾಯ ಇಷ್ಟು: ಈ ಕೆಲಸಕ್ಕೆ ಲಕ್ಷ್ಮಯ್ಯನವರ ಯೋಗ್ಯತೆ ಸಾಲದು, ನಿಜ ಹೇಳಬೇಕೆಂದರೆ ಯಾವ ದೇಶೀಯನಿಗೂ ಸಾಲದು. ಬದಲಿಗೆ ಮದ್ರಾಸಿನ ಪಾದ್ರಿ ವಿಲಿಯಂ ಟೇಲರ್ ಅವರಿಗೆ ವಹಿಸಿ ಎಂಬ ಶಿಫಾರಸು. ಹಾಗೇ ಆಯಿತು.

ಆ ಪುಟವನ್ನು ನಾನು ದಾವಣಗೆರೆಯ ಅಂಗಡಿಯ ದೊಡ್ಡ ಮಾನಿಟರಿನಲ್ಲಿ ನೋಡಿದ್ದು. ಸ್ಕ್ಯಾನಿನಲ್ಲಿ ಕಾಗದದ ಹಿಂಬದಿಯ ಅಕ್ಷರ ಮಸುಕಾಗಿ ಈ ಕಡೆ ಕಾಣುತ್ತಿತ್ತು. ಸಾಲುಗಳ ಮಧ್ಯೆ ಅವರ ಹೆಸರು ಇಂಗ್ಲಿಷ್ ಕಿವಿಗೆ ಕೇಳಿಸಿದ ಹಾಗೆ ಅಚ್ಚಾಗಿತ್ತು. ಸೋದರಳಿಯ ಜೂಮ್ ಮಾಡುತ್ತಾ, "ಮಾವ, ಇದು ರಿಜೆಕ್ಷನ್ ಆರ್ಡರ್ ಅಲ್ವಾ?" ಅಂದ. ಹೌದು ಅಂದೆ. ಇಂಥವು ನಾನು ಬಹಳ ಟೈಪ್ ಮಾಡಿದ್ದೇನೆ. ಆದರೆ ನಮ್ಮಲ್ಲಿ ಅರ್ಜಿ ತಿರಸ್ಕರಿಸುವಾಗ ದಾಖಲೆ ಸಾಲದು ಅನ್ನುತ್ತೇವೆ, ಅರ್ಜಿದಾರನ ಜನಾಂಗವೇ ಸಾಲದು ಎಂದು ಬರೆಯುವ ಪದ್ಧತಿ ಇರಲಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪ್ರಿನ್ಸೆಪ್ ಅನ್ನುವ ಹೆಸರು. ನಮ್ಮ ಜಿಲ್ಲೆಯವರು ಅವರಿಗೆ ಋಣಿಗಳು. ಮರುವರ್ಷವೇ, 1837ರಲ್ಲಿ, ಬ್ರಾಹ್ಮಿ ಲಿಪಿಯ ಗಂಟು ಬಿಡಿಸಿದವರು ಅವರು. ಆ ಬೀಗದ ಕೈ ಇದ್ದದ್ದರಿಂದಲೇ 1892ರಲ್ಲಿ ಮೈಸೂರು ಸೀಮೆಯ ಶಾಸನ ಹುಡುಕುತ್ತಿದ್ದ ಬಿ. ಎಲ್. ರೈಸ್ ಅವರಿಗೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಕಂಡ ಬಂಡೆಬರಹ ಅಶೋಕನದು ಎಂದು ಗೊತ್ತಾಗಿದ್ದು. ಬ್ರಹ್ಮಗಿರಿಯ ಬಂಡೆಯನ್ನು ಊರವರು ಅಕ್ಷರಗುಂಡು ಅನ್ನುತ್ತಿದ್ದರು. ಅಕ್ಷರ ಇದೆ ಎಂದು ಗೊತ್ತಿತ್ತು, ಓದಲು ಬರುತ್ತಿರಲಿಲ್ಲ. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹರಡುತ್ತಿದ್ದರು. ಅಕ್ಷರ ಅಷ್ಟು ಸವೆದಿರುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಅಕ್ಷರಗುಂಡಿನ ಹತ್ತಿರ ನಾನು ಮತ್ತೆ ಹೋದೆ. ಹೋಗಿದ್ದು ಶಾಸನದ ಕೊನೆ ನೋಡಲು. ಅಶೋಕನ ಮಾತು ಮುಗಿದ ಮೇಲೆ ಬರೆದವನ ಹೆಸರಿದೆ, ಚಪಡ. ತನ್ನ ಕೆಲಸ ಏನು ಎಂಬುದನ್ನು ಮಾತ್ರ ಅವನು ಬ್ರಾಹ್ಮಿ ಬಿಟ್ಟು ಖರೋಷ್ಠಿಯಲ್ಲಿ ಬರೆದಿದ್ದಾನೆ. ಆ ಲಿಪಿ ನಡೆಯುತ್ತಿದ್ದದ್ದು ವಾಯವ್ಯದ ಗಾಂಧಾರದ ಕಡೆ. ಮೊಳಕಾಲ್ಮೂರಿನಲ್ಲಿ ಅದನ್ನು ಯಾರೂ ಓದುತ್ತಿರಲಿಲ್ಲ. ಬಲದಿಂದ ಎಡಕ್ಕೆ ಓದುವ ಆ ನಾಲ್ಕೈದು ಗೀರುಗಳನ್ನು ಬಿಸಿಲು ಓರೆ ಬೀಳುವವರೆಗೆ ಕಾದು ನೋಡಿದೆ. ಸಾಮ್ರಾಟನ ಆಜ್ಞೆಯ ಕೆಳಗೆ ಗುಮಾಸ್ತನೊಬ್ಬ ತನ್ನ ರುಜು ಬಿಟ್ಟಿದ್ದಾನೆ, ಹುದ್ದೆಯನ್ನು ಮಾತ್ರ ಈ ಕಡೆಯವರಿಗೆ ಗೊತ್ತಿಲ್ಲದ ಲಿಪಿಯಲ್ಲಿ. ನನಗೆ ಅವನ ಮೇಲೆ ವಿಪರೀತ ಅಭಿಮಾನ ಬಂತು.

ಇದೇ ಶಾಸನದಲ್ಲಿ 256 ಅನ್ನುವ ಒಂದು ಅಂಕಿ ಇದೆ. ಬುದ್ಧ ಹೋಗಿ 256 ವರ್ಷ ಆಯಿತು ಅಂತಲೋ, ಅಶೋಕ ಪ್ರವಾಸದಲ್ಲಿ ಕಳೆದ 256 ರಾತ್ರಿ ಅಂತಲೋ ಎಂದು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಜರ್ನಲಿನಲ್ಲಿ ವರ್ಷಗಟ್ಟಲೆ ವಾದ ನಡೆದಿದೆ. ಮುಂಬೈ ಪ್ರಾಂತ್ಯದಲ್ಲಿ ಅಧಿಕಾರಿಯಾಗಿ ನಿವೃತ್ತರಾದ ಜೆ. ಎಫ್. ಫ್ಲೀಟ್ 1908ರಿಂದ 1911ರ ತನಕ ಇದರ ಮೇಲೆ ಮತ್ತೆ ಮತ್ತೆ ಬರೆದರು. ಈಗ ಹೆಚ್ಚಿನವರು ರಾತ್ರಿ ಲೆಕ್ಕವನ್ನೇ ಒಪ್ಪುತ್ತಾರೆ. ಆ ಪುಟಗಳನ್ನು ಓದಲು ಪಂಡಿತ ಪತ್ರಿಕೆಗಳನ್ನು ಇಟ್ಟಿರುವ ಜೆಸ್ಟೋರ್ ಜಾಲತಾಣದಲ್ಲಿ ಉಚಿತ ಖಾತೆ ತೆರೆದರೆ ಸಾಕು. ನಾನು ತೆರೆದೆ. ಗೈಡ್ ಯಾರು ಎಂದು ಅದು ಕೇಳಲಿಲ್ಲ.

ಅಚ್ಚಾದ ನಡಾವಳಿ ಓದಿ ಮುಗಿದ ಮೇಲೆ ಆಸೆ ಬೆಳೆಯಿತು. ಅಚ್ಚಿಗೆ ಹೋಗುವ ಮುನ್ನ ಕೈಬರಹದ ಪತ್ರ ಇರುತ್ತದಲ್ಲ, ಅದು ಬೇಕು ಅನ್ನಿಸಿತು. ವಿದೇಶದ ಒಂದು ಸಂಸ್ಥೆಯ ದಾಖಲೆ ವಿಭಾಗಕ್ಕೆ ಇಮೇಲ್ ಬರೆಯುವುದೆಂದು ಆಯಿತು. ಸೋದರಳಿಯ ಮೊದಲು ಬರೆದದ್ದು ಒಂದು ಪುಟ. ಚಿತ್ರದುರ್ಗದ ಏಳುಸುತ್ತಿನ ಕೋಟೆ, ಓಬವ್ವ, ಮದಕರಿ ನಾಯಕ, ನನ್ನ ಸೇವಾವಧಿ, ಎಲ್ಲ ಇತ್ತು. "ಅಲ್ಲಪ್ಪ, ಅಲ್ಲಿ ಕೂತವರು ನನ್ನ ಥರದವರೇ. ಅವರಿಗೆ ನಂಬರ್ ಬೇಕು, ಓಬವ್ವ ಅಲ್ಲ" ಅಂದು ಅಷ್ಟನ್ನೂ ಹೊಡೆದು ಹಾಕಿದೆ. ಉಳಿದದ್ದು ಐದು ಸಾಲು: ಯಾವ ವರ್ಷದಿಂದ ಯಾವ ವರ್ಷ, ಯಾರಿಂದ ಯಾರಿಗೆ ಬರೆದ ಪತ್ರ, ಕ್ಯಾಟಲಾಗಿನ ಯಾವ ಸಾಲಿನಲ್ಲಿ ಇರಬಹುದು, ಹೆಸರಿನ ಬೇರೆ ಬೇರೆ ಸ್ಪೆಲಿಂಗ್, ಸ್ಕ್ಯಾನ್ ಶುಲ್ಕ ಎಷ್ಟು.

ಉತ್ತರ ಬಂತು, ಚೆನ್ನಾಗೇ ಬಂತು. ಮೆಕೆಂಜಿ ಸಂಗ್ರಹದ ಲಂಡನ್ ಭಾಗ ತಮ್ಮಲ್ಲಿಲ್ಲ, ಬ್ರಿಟಿಷ್ ಲೈಬ್ರರಿಯಲ್ಲಿದೆ, ಗುಮಾಸ್ತರ ವರದಿಗಳ ಇಂಗ್ಲಿಷ್ ಅನುವಾದವೂ ಅಲ್ಲೇ ಎಂದು ದಾರಿ ತೋರಿಸಿದ್ದರು. ಥಾಮಸ್ ಹಿಕಿ 1816ರಲ್ಲಿ ಬರೆದ ಮೆಕೆಂಜಿಯ ತೈಲಚಿತ್ರವೂ ಅಲ್ಲೇ ಇದೆ. ಕೆಂಪು ಕೋಟಿನ ಮೆಕೆಂಜಿಯ ಸುತ್ತ ಮೂವರು ಭಾರತೀಯರು ನಿಂತಿದ್ದಾರೆ. ಅದರ ಪ್ರತಿಯನ್ನು ಸೋದರಳಿಯ ದೊಡ್ಡದಾಗಿ ಪ್ರಿಂಟ್ ಹಾಕಿಕೊಟ್ಟ.

ನಮ್ಮ ಕನ್ನಡದ ಮೂಲ ಕೈಫಿಯತ್ತುಗಳು ಉಳಿದಿರುವುದು ಚೆನ್ನೈನ ಸರ್ಕಾರಿ ಓರಿಯೆಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿ. ಅಲ್ಲಿಗೆ ಹೋಗುವ ಮುನ್ನ ಬೆಂಗಳೂರಿಗೆ ಹೋಗಿ ನೃಪತುಂಗ ರಸ್ತೆಯ ಡೇಲಿ ಹಾಲ್‌ನಲ್ಲಿ ಕೂತು ಮಿಥಿಕ್ ಸೊಸೈಟಿಯ ಹಳೆಯ ತ್ರೈಮಾಸಿಕಗಳನ್ನು ತಿರುಗಿಸಿದೆ. ಅಲ್ಲೂ ಬಾಲದಿಂದಲೇ ಓದಿದೆ. ಸದಸ್ಯರ ಪಟ್ಟಿಯಲ್ಲಿ ಇಂಗ್ಲಿಷರ ಪಕ್ಕದಲ್ಲೇ ಅಯ್ಯಂಗಾರರು, ರಾಯರು, ಶಾಸ್ತ್ರಿಗಳು. ಕಲ್ಕತ್ತದ 1836ರ ಪುಟ ಓದಿ ಬಂದವನಿಗೆ ಆ ಪಟ್ಟಿ ಓದುವುದೇ ಒಂದು ಸುಖ.

ಇದೇ ದಾರಿಯಲ್ಲಿ ಹೋಗುವವರಿಗೆ ಒಂದು ಮಾತು. ಸಿಕ್ಕಿದ ಪುಟದ ಫೋಟೋ ತೆಗೆದು ಫೋನಿನಲ್ಲಿ ಹಾಗೇ ಬಿಡಬೇಡಿ. ಸಂಪುಟ, ವರ್ಷ, ತಿಂಗಳು, ಪುಟ ಇಷ್ಟನ್ನು ಅದೇ ಕ್ಷಣ ಬರೆಯಿರಿ. ಪಿಡಿಎಫ್ ತೋರಿಸುವ ಪುಟದ ಸಂಖ್ಯೆ ಬೇರೆ, ಅಚ್ಚಿನ ಪುಟದ ಸಂಖ್ಯೆ ಬೇರೆ. ಎರಡನ್ನೂ ಬರೆಯಿರಿ. ಇನ್ನೊಂದು, ಏನೂ ಸಿಗದ ಸಂಪುಟವನ್ನೂ ಪಟ್ಟಿಗೆ ಹಾಕಿ, ಎದುರಿಗೆ "ಇಲ್ಲ" ಎಂದು ಬರೆಯಿರಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ಅದನ್ನೇ ಮತ್ತೆ ತೆರೆದು ಕೂತಿರುತ್ತೀರಿ.

ಈಗ ಟೇಲರ್ ಸಾಹೇಬರ ಸರದಿ. ಲಕ್ಷ್ಮಯ್ಯನವರಿಗೆ ತಪ್ಪಿದ ಕೆಲಸವನ್ನು ಅವರು ಹೇಗೆ ಮಾಡಿದರು ಎಂಬುದು ಮದ್ರಾಸ್ ಲಿಟರರಿ ಸೊಸೈಟಿಯ ಜರ್ನಲಿನಲ್ಲಿ, 1838ರಿಂದ ಮುಂದಿನ ಸಂಪುಟಗಳಲ್ಲಿ ಕಂತು ಕಂತಾಗಿ ಬಂದಿದೆ. ಮೊದಲ ಕಂತು ಡೌನ್‌ಲೋಡ್ ಆಗಿದೆ. ಗುಮಾಸ್ತರ ಹೆಸರು ಬಂದ ಕಡೆಯೆಲ್ಲ ಕೆಂಪು ಗೀಟು ಎಳೆಯುತ್ತಾ ಹೋಗುತ್ತಿದ್ದೇನೆ.